ಗುಣವಾಗಲು ಎಷ್ಟು ಅಂಕ ಬೇಕು?

ಒಬ್ಬ ರೋಗಿ ಚಿಕಿತ್ಸಾ ಪ್ರಯೋಗವೊಂದಕ್ಕೆ ಸೇರುತ್ತಾನೆ ಎಂದಿಟ್ಟುಕೊಳ್ಳಿ. ದೈಹಿಕ ಸಾಮರ್ಥ್ಯವನ್ನು ಅಳೆಯುವ ಪ್ರಶ್ನಾವಳಿಯಲ್ಲಿ ಅವನಿಗೆ ನೂರಕ್ಕೆ 65 ಅಂಕ ಬಂದಿದೆ. 65 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಮಾತ್ರ ಪ್ರವೇಶ. ಅಷ್ಟು ನಿತ್ರಾಣರಾದವರನ್ನೇ ಪ್ರಯೋಗ ಹುಡುಕುತ್ತಿದೆ. ಒಂದು ವರ್ಷ ಕಳೆಯುತ್ತದೆ. ಕೊನೆಗೆ ಮತ್ತೆ ಅದೇ ಪ್ರಶ್ನಾವಳಿ. ಈ ಸಲ ಬಂದದ್ದು 60, ಅಂದರೆ ಸೇರಿದ ದಿನಕ್ಕಿಂತ ಐದು ಅಂಕ ಕಡಿಮೆ. ಆದರೂ ಸಂಶೋಧಕರ ಲೆಕ್ಕದಲ್ಲಿ, ಈ ಒಂದು ಅಳತೆಯ ಮಟ್ಟಿಗೆ, ಅವನು ಗುಣಮುಖರ ಸಾಲಿನಲ್ಲಿದ್ದಾನೆ.

ಇದು ಕಟ್ಟುಕತೆಯ ಲೆಕ್ಕವಲ್ಲ. ಬ್ರಿಟನ್ನಿನಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆದು, 2011ರಲ್ಲಿ ‘ದಿ ಲ್ಯಾನ್ಸೆಟ್’ನಂಥ ಹೆಸರಾಂತ ಪತ್ರಿಕೆಯಲ್ಲಿ ಪ್ರಕಟವಾದ ‘ಪೇಸ್’ ಎಂಬ ಪ್ರಯೋಗದ ಮುಂದಿನ ವಿಶ್ಲೇಷಣೆಯಲ್ಲಿ ಇಂಥದ್ದು ಸಾಧ್ಯವಿತ್ತು. ಅದನ್ನು ನಡೆಸಿದವರು ಕಳ್ಳರೂ ಅಲ್ಲ, ದಡ್ಡರೂ ಅಲ್ಲ. ತಮ್ಮ ಕ್ಷೇತ್ರದಲ್ಲಿ ದೊಡ್ಡ ಹೆಸರು ಮಾಡಿದ್ದ ಪ್ರಾಧ್ಯಾಪಕರು. ಈ ಪ್ರಕರಣವನ್ನು ಬಿಡಿಸಿ ನೋಡಬೇಕಿರುವುದು ಅದಕ್ಕಾಗಿಯೇ. ಕಂಪನಿಗಳು ತಮ್ಮ ಮಾತ್ರೆ ಮಾರಲು ಪ್ರಯೋಗದ ಫಲಿತಾಂಶವನ್ನು ತಿರುಚಿದ ಕತೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಲಾಭದ ಲೋಭವಿಲ್ಲದ, ತೆರಿಗೆಯ ಹಣದಲ್ಲಿ ನಡೆಯುವ ಪ್ರಯೋಗವಾದರೆ ಕಣ್ಣುಮುಚ್ಚಿ ನಂಬಬಹುದು ಎಂಬ ಭಾವನೆ ನಮ್ಮಲ್ಲಿದೆ. ಆ ಭಾವನೆಗೆ ಪೇಸ್ ಕೊಟ್ಟ ಪೆಟ್ಟು ದೊಡ್ಡದು.

ಕಾಯಿಲೆಯ ಹೆಸರು ಎಂಇ/ಸಿಎಫ್‌ಎಸ್. ಹಳೆಯ ಹೆಸರು ಕ್ರಾನಿಕ್ ಫಟೀಗ್ ಸಿಂಡ್ರೋಮ್. ಹೆಸರಲ್ಲಿ ಬರೀ ‘ಬಳಲಿಕೆ’ ಇರುವುದರಿಂದ ಕೇಳಿದವರಿಗೆಲ್ಲ ಹಗುರವಾಗಿ ಕಾಣುತ್ತದೆ. ಯಾರಿಗೆ ಸುಸ್ತಾಗುವುದಿಲ್ಲ ಹೇಳಿ! ಆದರೆ ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಎಷ್ಟೋ ಸಲ ಒಂದು ಸೋಂಕು ಜ್ವರದ ನಂತರ ಶುರುವಾಗಿ ವರ್ಷಗಟ್ಟಲೆ ಉಳಿಯುತ್ತದೆ. ಮೈಗಾಗಲಿ ಮನಸ್ಸಿಗಾಗಲಿ ಸ್ವಲ್ಪ ಹೆಚ್ಚು ಶ್ರಮವಾದರೂ ಮರುದಿನವೋ ಅದರ ಮರುದಿನವೋ ಇಡೀ ದೇಹ ಕುಸಿಯುತ್ತದೆ. ಈ ಕುಸಿತವೇ ಕಾಯಿಲೆಯ ಮುಖ್ಯ ಲಕ್ಷಣ ಎಂದು ಇಂದು ವೈದ್ಯಲೋಕ ಒಪ್ಪಿದೆ. ತೀವ್ರವಾಗಿ ಬಾಧಿತರಾದವರು ಹಾಸಿಗೆಯಿಂದ ಏಳಲಾರರು. ಹಾಗೆ ಏಳಲಾರದವರು ಪೇಸ್ ಪ್ರಯೋಗದ ಕ್ಲಿನಿಕ್ಕಿಗೆ ಬರುವಂತೆಯೂ ಇರಲಿಲ್ಲ ಎನ್ನುವುದನ್ನು ಮೊದಲೇ ನೆನಪಿಡೋಣ.

ಕಾಯಿಲೆಗೆ ಕಾರಣವೇನು ಎಂಬುದರ ಬಗ್ಗೆ ಎರಡು ಬಣಗಳಿದ್ದವು. ಒಂದು ಬಣದ ಪ್ರಕಾರ, ಆರಂಭದ ಸೋಂಕು ಎಂದೋ ವಾಸಿಯಾಗಿದೆ; ‘ಮೈ ಅಲ್ಲಾಡಿಸಿದರೆ ಕೇಡಾಗುತ್ತದೆ’ ಎಂಬ ಭಯ ಮತ್ತು ಚಟುವಟಿಕೆಯಿಲ್ಲದೆ ಸೋತ ಸ್ನಾಯುಗಳು ರೋಗಿಯನ್ನು ಕಾಯಿಲೆಯಲ್ಲೇ ಇಟ್ಟಿವೆ. ಹಾಗಿದ್ದರೆ ಪರಿಹಾರವೂ ಸರಳ. ಆ ನಂಬಿಕೆಯನ್ನು ಮಾತಿನಿಂದ ತಿದ್ದುವ ಮನೋಚಿಕಿತ್ಸೆ, ಇಲ್ಲವೇ ದಿನದಿನಕ್ಕೆ ಹೆಜ್ಜೆ ಹೆಚ್ಚಿಸುವ ವ್ಯಾಯಾಮ ಚಿಕಿತ್ಸೆ. ವ್ಯಾಯಾಮದಿಂದ ನಾವು ಇನ್ನಷ್ಟು ಹಾಳಾಗುತ್ತಿದ್ದೇವೆ ಎಂದು ಇನ್ನೊಂದು ಬಣದಲ್ಲಿದ್ದ ರೋಗಿಗಳ ಸಂಘಟನೆಗಳು ಕೂಗಿ ಹೇಳುತ್ತಿದ್ದವು. ವಿವಾದ ಹೀಗಿರುವಾಗ ಒಂದು ದೊಡ್ಡ, ಸರಿಯಾದ ಪ್ರಯೋಗ ನಡೆಸಿ ಇತ್ಯರ್ಥ ಮಾಡೋಣ ಎಂದು ಹೊರಟದ್ದು ಒಳ್ಳೆಯದೇ. ಪೇಸ್‌ಗೆ ಸುಮಾರು 50 ಲಕ್ಷ ಪೌಂಡ್ ಖರ್ಚಾಯಿತು. ಹಣ ಕೊಟ್ಟವರು ನಾಲ್ವರು: ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಎಂಆರ್‌ಸಿ, ಇಂಗ್ಲೆಂಡಿನ ಆರೋಗ್ಯ ಇಲಾಖೆ, ಸ್ಕಾಟ್ಲೆಂಡಿನ ಮುಖ್ಯ ವಿಜ್ಞಾನಿಯ ಕಚೇರಿ ಮತ್ತು ಉದ್ಯೋಗ-ಪಿಂಚಣಿ ಇಲಾಖೆ. ಕೊನೆಯ ಹೆಸರನ್ನು ಇನ್ನೊಮ್ಮೆ ಓದಿ. ಅನಾರೋಗ್ಯದಿಂದ ಕೆಲಸ ಮಾಡಲಾಗದವರಿಗೆ ಭತ್ಯೆ ಕೊಡುವ ಇಲಾಖೆ ಅದು. ರೋಗಿಗಳು ವಾಸಿಯಾಗಿ ಕೆಲಸಕ್ಕೆ ಮರಳಿದರೆ ಅದರ ಬೊಕ್ಕಸಕ್ಕೆ ಉಳಿತಾಯ. ಇದರಲ್ಲಿ ಪಿತೂರಿ ಹುಡುಕಬೇಕಿಲ್ಲ. ಆದರೆ ಉತ್ತರ ಹೀಗೇ ಬಂದರೆ ಚೆನ್ನ ಎಂದುಕೊಳ್ಳಲು ಸರ್ಕಾರಕ್ಕೂ ಕಾರಣಗಳಿರುತ್ತವೆ. ಖಾಸಗಿ ಕಂಪನಿಯ ಹಿತಾಸಕ್ತಿಯನ್ನು ನಾವು ಎಷ್ಟು ಎಚ್ಚರದಿಂದ ನೋಡುತ್ತೇವೋ ಇದನ್ನೂ ಅಷ್ಟೇ ಎಚ್ಚರದಿಂದ ನೋಡಬೇಕಿತ್ತು.

ಎಂಆರ್‌ಸಿ ಸಾಮಾನ್ಯ ಸಂಸ್ಥೆಯಲ್ಲ. ಇಂದಿನ ಕ್ಲಿನಿಕಲ್ ಟ್ರಯಲ್ ಎಂಬ ಕ್ರಮಕ್ಕೆ ರೂಪ ಕೊಟ್ಟವರಲ್ಲಿ ಅದೂ ಒಂದು. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಕೈಯಲ್ಲಿ ಡಾಲರ್ ಇರಲಿಲ್ಲ. ಕ್ಷಯಕ್ಕೆ ಅಮೆರಿಕದಿಂದ ಬರಬೇಕಿದ್ದ ಸ್ಟ್ರೆಪ್ಟೊಮೈಸಿನ್ ಕೈಗೆ ಸಿಕ್ಕಿದ್ದು ಸ್ವಲ್ಪವೇ. ಎಲ್ಲರಿಗೂ ಸಾಲದು ಎಂದಾದ ಮೇಲೆ, ಇರುವಷ್ಟರಲ್ಲಿ ನಿಖರವಾಗಿ ಪರೀಕ್ಷಿಸಿಯೇ ಬಿಡೋಣ ಎಂದು ಮಂಡಳಿ ತೀರ್ಮಾನಿಸಿತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ರೂಪಿಸಿದ ಕ್ರಮದಲ್ಲಿ 107 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಲಾಯಿತು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ ನಾಲ್ವರು ಸತ್ತರು. ಪಡೆಯದ 52 ಮಂದಿಯಲ್ಲಿ 14. ಶ್ವಾಸಕೋಶದ ಎಕ್ಸ್-ರೇಗಳನ್ನು ಓದಿದ ತಜ್ಞರಿಗೆ ಯಾವುದು ಯಾವ ಗುಂಪಿನವರದು ಎಂದು ಗೊತ್ತಿರಲಿಲ್ಲ. ವಾಸಿಯಾಗಲಿ ಎಂಬ ಆಸೆ ವೈದ್ಯರ ಕಣ್ಣನ್ನೂ ದಾರಿ ತಪ್ಪಿಸುತ್ತದೆ ಎಂಬ ವಿವೇಕ 1948ರಲ್ಲಿ ಪ್ರಕಟವಾದ ಆ ಪ್ರಯೋಗಕ್ಕಿತ್ತು. ಅದರಲ್ಲೊಂದು ಕಳಂಕವೂ ಇದೆ. ಔಷಧ ಸಿಗದ ಗುಂಪಿನವರಿಗೆ ತಾವು ಪ್ರಯೋಗದಲ್ಲಿದ್ದೇವೆ ಎಂಬುದನ್ನೇ ತಿಳಿಸಿರಲಿಲ್ಲ. ಅಳತೆಯಲ್ಲಿ ಕಟ್ಟುನಿಟ್ಟು, ಒಪ್ಪಿಗೆಯಲ್ಲಿ ಸಡಿಲ. ಪೇಸ್‌ನ ಹೊತ್ತಿಗೆ ಇದು ತಿರುವುಮುರುವಾಗಿತ್ತು. ಸಹಿ ಹಾಕಿದ ಒಪ್ಪಿಗೆ ಪತ್ರಗಳು, ನೈತಿಕ ಸಮಿತಿಯ ಮುದ್ರೆಗಳು ಎಲ್ಲ ಇದ್ದವು. ಅಳತೆ ಸಡಿಲಾಗಿತ್ತು.

ಪೇಸ್‌ನಲ್ಲಿ 641 ರೋಗಿಗಳಿದ್ದರು. ಸೇರಿಸಿಕೊಳ್ಳುವ ಕೆಲಸ 2005ರಲ್ಲಿ ಶುರುವಾಗಿ 2008ರಲ್ಲಿ ಮುಗಿಯಿತು. ನಾಲ್ಕು ಗುಂಪು. ಒಂದಕ್ಕೆ ತಜ್ಞ ವೈದ್ಯರ ಸಾಮಾನ್ಯ ಆರೈಕೆ ಮಾತ್ರ. ಉಳಿದ ಮೂರಕ್ಕೆ ಆ ಆರೈಕೆಯ ಜೊತೆಗೆ ಮನೋಚಿಕಿತ್ಸೆ, ಹಂತಹಂತದ ವ್ಯಾಯಾಮ ಅಥವಾ ಶಕ್ತಿಯ ಮಿತಿಯೊಳಗೇ ಬದುಕಲು ಕಲಿಸುವ ‘ಪೇಸಿಂಗ್’. ಮುಖ್ಯ ಅಳತೆಗಳು ಎರಡು, ಎರಡೂ ರೋಗಿಯೇ ತುಂಬುವ ಪ್ರಶ್ನಾವಳಿಗಳು. ಒಂದು ಬಳಲಿಕೆಯದು, ಇನ್ನೊಂದು ದೈಹಿಕ ಸಾಮರ್ಥ್ಯದ್ದು. ಸೇರ್ಪಡೆಗೆ ಬಳಸಿದ ‘ಆಕ್ಸ್‌ಫರ್ಡ್’ ಲಕ್ಷಣಪಟ್ಟಿಯೂ ಬಹಳ ಸಡಿಲವಾದದ್ದು. ಶ್ರಮದ ನಂತರದ ಕುಸಿತ ಇರಲೇಬೇಕು ಎಂದು ಅದು ಕೇಳುತ್ತಿರಲಿಲ್ಲ. ಬೇರೆ ಕಾರಣಕ್ಕೆ ಬಳಲಿದವರೂ ಒಳಗೆ ಬರಬಹುದಿತ್ತು. ಈ ಪಟ್ಟಿಯ ಬಳಕೆಯನ್ನೇ ನಿಲ್ಲಿಸಬೇಕು ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಮಿತಿ 2015ರಲ್ಲಿ ಸಲಹೆ ಕೊಟ್ಟಿತು.

ಈಗ ಪ್ರೋಟೋಕಾಲ್ ವಿಚಾರ. ಯಾರನ್ನು ಸೇರಿಸಿಕೊಳ್ಳುತ್ತೇವೆ, ಏನನ್ನು ಅಳೆಯುತ್ತೇವೆ, ಎಷ್ಟು ಬದಲಾವಣೆಯಾದರೆ ‘ಸುಧಾರಣೆ’ ಎನ್ನುತ್ತೇವೆ, ಎಷ್ಟಾದರೆ ‘ಗುಣ’ ಎನ್ನುತ್ತೇವೆ ಎಂಬುದನ್ನೆಲ್ಲ ಫಲಿತಾಂಶ ಗೊತ್ತಾಗುವ ಮೊದಲೇ ಬರೆದಿಡುವ ಕಾಗದ ಅದು. ಪೇಸ್‌ನ ಪ್ರೋಟೋಕಾಲ್ 2007ರಲ್ಲಿ ಬಹಿರಂಗವಾಗಿಯೇ ಪ್ರಕಟವಾಗಿತ್ತು. ಅದರ ಪ್ರಕಾರ ದೈಹಿಕ ಸಾಮರ್ಥ್ಯದಲ್ಲಿ ಗುಣವಾದರು ಎನ್ನಲು ಕನಿಷ್ಠ 85 ಅಂಕ ಬೇಕು. 2013ರಲ್ಲಿ ‘ಗುಣಮುಖರೆಷ್ಟು’ ಎಂಬ ಪ್ರತ್ಯೇಕ ಲೇಖನ ಬಂದಾಗ ಆ ಗಡಿ 60ಕ್ಕೆ ಇಳಿದಿತ್ತು. ಪ್ರವೇಶದ ಮಿತಿಯೋ, ಮೊದಲು 60 ಇದ್ದದ್ದು, ಜನ ಸಾಲದೆ 65ಕ್ಕೆ ಏರಿತ್ತು. ಹೀಗೆ ಎರಡು ಗೆರೆಗಳು ಒಂದನ್ನೊಂದು ದಾಟಿ ನಿಂತವು. ಫೇಲಾದವರಿಗೆಂದೇ ನಡೆಸುವ ಮರುಪರೀಕ್ಷೆಯಲ್ಲಿ, ಮೊದಲ ಸಲ ಫೇಲಾದಾಗ ಬಂದ ಅಂಕಕ್ಕಿಂತಲೂ ಕೆಳಗೆ ಪಾಸಿನ ಗೆರೆ ಎಳೆದಂತಾಯಿತು. ಗುಣವಾದರು ಎಂದು ಕರೆಸಿಕೊಳ್ಳಲು ಬೇರೆ ಷರತ್ತುಗಳನ್ನೂ ಪೂರೈಸಬೇಕಿತ್ತು, ನಿಜ, ಅವೂ ಸಡಿಲಗೊಂಡಿದ್ದವು. ಪ್ರಯೋಗಕ್ಕೆ ಸೇರುವ ದಿನವೇ ಸುಮಾರು ಶೇ 13ರಷ್ಟು ಮಂದಿ ಎರಡು ಮುಖ್ಯ ಅಳತೆಗಳಲ್ಲಿ ಒಂದರಲ್ಲಾದರೂ ‘ಗುಣ’ದ ಗಡಿಯನ್ನು ಆಗಲೇ ಮುಟ್ಟಿದ್ದರು.

60 ಎಲ್ಲಿಂದ ಬಂತು? ಇಲ್ಲಿ ಸಂಖ್ಯಾಶಾಸ್ತ್ರದ ಒಂದು ಪಾಠವಿದೆ, ಸ್ವಲ್ಪ ನಿಧಾನಿಸೋಣ. ಇಂಗ್ಲೆಂಡಿನ ವಯಸ್ಕರ ಒಂದು ಸಮೀಕ್ಷೆಯಲ್ಲಿ ಈ ಪ್ರಶ್ನಾವಳಿಯ ಸರಾಸರಿ ಅಂಕ 84, ಮಾನಕ ವಿಚಲನೆ, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ, 24. ಸರಾಸರಿಯಿಂದ ಒಂದು ವಿಚಲನೆ ಕಳೆದರೆ 60. ಅದರಿಂದ ಮೇಲಿದ್ದರೆ ‘ಸಾಮಾನ್ಯ ವ್ಯಾಪ್ತಿ’. ಪುಸ್ತಕದ ಸೂತ್ರ ನೋಡಿದರೆ ಲೆಕ್ಕ ಸರಿಯಿದೆ. ಆದರೆ ಆ ಸೂತ್ರಕ್ಕೆ ಅರ್ಥ ಬರುವುದು ಅಂಕಗಳು ನಡುವೆ ಗುಡ್ಡದಂತೆ ಏರಿ ಎರಡೂ ಕಡೆ ಸಮನಾಗಿ ಇಳಿಯುವಾಗ. ಈ ಪ್ರಶ್ನಾವಳಿಯಲ್ಲಿ ಹಾಗಿಲ್ಲ. ಅದರಲ್ಲಿ ಹತ್ತು ಪ್ರಶ್ನೆಗಳು. ಮೆಟ್ಟಿಲು ಹತ್ತಬಲ್ಲಿರಾ, ದಿನಸಿ ಚೀಲ ಎತ್ತಬಲ್ಲಿರಾ, ಬಗ್ಗಬಲ್ಲಿರಾ, ಸ್ವಂತ ಸ್ನಾನ ಮಾಡಬಲ್ಲಿರಾ ಎಂಬಂಥವು. ದುಡಿಯುವ ವಯಸ್ಸಿನ ಆರೋಗ್ಯವಂತರಲ್ಲಿ ಬಹುಪಾಲು ಜನ 90, 95, 100ರ ಹತ್ತಿರ ಗುಂಪುಗೂಡಿರುತ್ತಾರೆ. ಸರಾಸರಿಯನ್ನು 84ಕ್ಕೆ ಎಳೆಯುವವರು ಮುಪ್ಪಿನಿಂದಲೋ ಸಂಧಿವಾತದಿಂದಲೋ ಹೃದಯದ ಕಾಯಿಲೆಯಿಂದಲೋ ತೀರಾ ಕಡಿಮೆ ಅಂಕ ಪಡೆದ ಕೆಲವರು. ವಿಚಲನೆ 24ರಷ್ಟು ದೊಡ್ಡದಾಗಿರುವುದಕ್ಕೂ ಅವರೇ ಕಾರಣ. ಸರಾಸರಿ ವಯಸ್ಸು ನಲವತ್ತರ ಆಸುಪಾಸಿನ ರೋಗಿಗಳಿಗೆ, ಎಪ್ಪತ್ತೆಂಬತ್ತರ ಅಜ್ಜ-ಅಜ್ಜಿಯರನ್ನೂ ಸೇರಿಸಿಕೊಂಡ ಸಮೀಕ್ಷೆಯಿಂದ ‘ಸಾಮಾನ್ಯ’ದ ಗೆರೆ ಎಳೆದಂತಾಯಿತು.

85ನ್ನು ಕೈಬಿಟ್ಟದ್ದಕ್ಕೆ ಸಂಶೋಧಕರು ಕೊಟ್ಟ ಒಂದು ಕಾರಣವೂ ಇದೇ ಜಾರುವ ನೆಲದ ಮೇಲಿನದು. ಆ ಗಡಿ ಇಟ್ಟುಕೊಂಡರೆ ದುಡಿಯುವ ವಯಸ್ಸಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಸಾಮಾನ್ಯ ವ್ಯಾಪ್ತಿಯಿಂದ ಹೊರಗುಳಿಯುತ್ತಾರೆ ಎಂದರು. ಸರಾಸರಿ 84 ಎಂದ ಮಾತ್ರಕ್ಕೆ ಅರ್ಧ ಜನ ಅದರ ಕೆಳಗಿದ್ದಾರೆ ಎಂದಲ್ಲ. ಹೀಗೆ ಒಂದು ಪಕ್ಕಕ್ಕೆ ವಾಲಿದ ಅಂಕಗಳಲ್ಲಿ ಸರಾಸರಿಯೇ ಬೇರೆ, ನಟ್ಟನಡುವಿನ ವ್ಯಕ್ತಿಯ ಅಂಕವೇ ಬೇರೆ. ಪದವಿಯ ಮೊದಲ ವರ್ಷದ ವಿದ್ಯಾರ್ಥಿಗೂ ಹೇಳಿಕೊಡುವ ಭೇದ ಇದು. ಇಷ್ಟೊಂದು ಜನ ಪ್ರಾಧ್ಯಾಪಕರು, ಪರಿಶೀಲಕರು, ಸಮಿತಿ ಸದಸ್ಯರ ಕಣ್ಣು ದಾಟಿ ಇದು ಹೇಗೆ ಅಚ್ಚಾಯಿತೋ ನನಗಂತೂ ಬೆರಗು.

ಗಡಿಯನ್ನು ಬದಲಿಸುವುದೇ ಅಪರಾಧವೇ? ಅಲ್ಲ. ದೀರ್ಘಕಾಲದ ಪ್ರಯೋಗದಲ್ಲಿ ಬದಲಿಸಲೇಬೇಕಾದ ಸಂದರ್ಭಗಳು ಬರುತ್ತವೆ. ಆದರೆ ಯಾವಾಗ ಬದಲಿಸಿದಿರಿ, ಏನನ್ನು ನೋಡಿದ ಮೇಲೆ, ಮೂಲ ಗಡಿಯಲ್ಲೇ ಲೆಕ್ಕ ಹಾಕಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ಮೇಜಿನ ಮೇಲಿರಬೇಕು. ಫಲಿತಾಂಶದ ಅಂಕಿಗಳನ್ನು ನೋಡುವ ಮೊದಲೇ ಬದಲಾವಣೆ ಮಾಡಿದೆವು, ಮೇಲ್ವಿಚಾರಣಾ ಸಮಿತಿ ಒಪ್ಪಿತ್ತು ಎಂಬುದು ಮುಖ್ಯ ಅಳತೆಗಳ ಬಗ್ಗೆ ಸಂಶೋಧಕರ ಉತ್ತರ. ಒಪ್ಪೋಣ. ಆದರೂ ಇದು ಕುರುಡು ಪ್ರಯೋಗವಲ್ಲ. ಯಾರಿಗೆ ಯಾವ ಚಿಕಿತ್ಸೆ ಎಂಬುದು ರೋಗಿಗೂ ಗೊತ್ತು, ಚಿಕಿತ್ಸಕರಿಗೂ ಗೊತ್ತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಕಂಪ್ಯೂಟರಿನ ಕೋಷ್ಟಕವೇ ಬೇಕಿಲ್ಲ. ಟೀಕಾಕಾರರು ಕೇಳಿದ್ದು ಮೂಲ ಗಡಿಯ ಲೆಕ್ಕವನ್ನೂ ಪಕ್ಕದಲ್ಲಿ ಪ್ರಕಟಿಸಿ ಎಂದಷ್ಟೇ. ವರ್ಷಗಟ್ಟಲೆ ಅದಾಗಲಿಲ್ಲ.

ಕುರುಡಲ್ಲದ ಪ್ರಯೋಗದಲ್ಲಿ ರೋಗಿಯ ಹೇಳಿಕೆಯನ್ನೇ ಮುಖ್ಯ ಅಳತೆ ಮಾಡಿದರೆ ಏನಾಗುತ್ತದೆ? ಹಂತಹಂತದ ವ್ಯಾಯಾಮದ ಗುಂಪಿಗೆ, ಈ ಕ್ರಮದಿಂದ ಜನ ಚೇತರಿಸಿಕೊಂಡಿದ್ದಾರೆ, ಹೆದರಬೇಡಿ ಎಂದು ತಿಂಗಳುಗಟ್ಟಲೆ ಹೇಳುತ್ತಾರೆ. ಸೌಮ್ಯವಾದ, ಕಾಳಜಿಯ ಚಿಕಿತ್ಸಕಿ ಮತ್ತೆಮತ್ತೆ ವಿಚಾರಿಸುತ್ತಾಳೆ. ಕೊನೆಗೆ ‘ಹೇಗಿದ್ದೀರಿ’ ಎಂಬ ಕಾಗದ ಕೊಟ್ಟರೆ, ‘ಪರವಾಗಿಲ್ಲ, ಸ್ವಲ್ಪ ಮೇಲು’ ಎಂದು ಗುರುತು ಹಾಕದವರು ಅಪರೂಪ. ಇದು ಸುಳ್ಳಲ್ಲ, ಮನುಷ್ಯ ಸ್ವಭಾವ. ಸಾಲದ್ದಕ್ಕೆ 2008ರ ಡಿಸೆಂಬರಿನಲ್ಲಿ, ಇನ್ನೂ ಎಷ್ಟೋ ಮಂದಿಯ ಕೊನೆಯ ಅಳತೆ ಬಾಕಿ ಇರುವಾಗ, ಭಾಗವಹಿಸಿದವರಿಗೆ ಹೋದ ಸುದ್ದಿಪತ್ರದಲ್ಲಿ ಪ್ರಯೋಗದ ಚಿಕಿತ್ಸೆಯನ್ನು ಹೊಗಳುವ ರೋಗಿಗಳ ಮಾತುಗಳು ಅಚ್ಚಾಗಿದ್ದವು. ಸ್ಟ್ರೆಪ್ಟೊಮೈಸಿನ್ ಪ್ರಯೋಗದವರು ಎಕ್ಸ್-ರೇ ಓದುವವರಿಂದ ಗುಂಪಿನ ಹೆಸರನ್ನೇ ಮುಚ್ಚಿಟ್ಟದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹೇಳಿಕೆಯನ್ನು ಅವಲಂಬಿಸದ ಅಳತೆಗಳೂ ಇದ್ದವು. ದಿನವಿಡೀ ಎಷ್ಟು ಓಡಾಡಿದರು ಎಂದು ದಾಖಲಿಸುವ, ಕಾಲಿಗೆ ಕಟ್ಟುವ ಉಪಕರಣವನ್ನು ಆರಂಭದಲ್ಲಿ ಬಳಸಿ, ಕೊನೆಯಲ್ಲಿ ರೋಗಿಗಳಿಗೆ ಹೊರೆಯಾಗುತ್ತದೆಂದು ಕೈಬಿಟ್ಟರು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂಬ ಪರೀಕ್ಷೆಯಲ್ಲಿ, ವರ್ಷದ ಕೊನೆಗೆ ವ್ಯಾಯಾಮದ ಗುಂಪಿನ ಸರಾಸರಿ 379 ಮೀಟರ್, ಸಾಮಾನ್ಯ ಆರೈಕೆಯ ಗುಂಪಿನದು 348. ಒಂದು ವರ್ಷದ ವ್ಯಾಯಾಮದ ಗಳಿಕೆ ಅಷ್ಟೇ. ಕೆಲಸಕ್ಕೆ ಮರಳುವುದರಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪಿಂಚಣಿ ಇಲಾಖೆ ತನ್ನ ದುಡ್ಡಿಗೆ ಪಡೆದ ಉತ್ತರ ಬಹುಶಃ ಇದೇ ಇರಬೇಕು, ಆದರೆ ಪತ್ರಿಕೆಗಳ ತಲೆಬರಹಕ್ಕೆ ಇದು ಬರಲಿಲ್ಲ. 2011ರಲ್ಲಿ ಬಂದ ವರದಿಯ ಪ್ರಕಾರ ಮನೋಚಿಕಿತ್ಸೆಯ ಗುಂಪಿನಲ್ಲಿ ಶೇ 59, ವ್ಯಾಯಾಮದ ಗುಂಪಿನಲ್ಲಿ ಶೇ 61 ಮಂದಿ ಸುಧಾರಿಸಿದ್ದರು. 2013ರ ಲೇಖನದಲ್ಲಿ ಎರಡೂ ಗುಂಪುಗಳಲ್ಲಿ ಶೇ 22 ಮಂದಿ ‘ಗುಣಮುಖ’. ಜಗತ್ತಿನ ಎಷ್ಟೋ ಕಡೆ ವೈದ್ಯರು ಇದೇ ಅಂಕಿಗಳನ್ನು ನಂಬಿ ರೋಗಿಗಳಿಗೆ ಹೆಜ್ಜೆ ಹೆಚ್ಚಿಸಲು ಹೇಳಿದರು.

ಆಗ ಆಸ್ಟ್ರೇಲಿಯಾದಲ್ಲಿದ್ದ ಒಬ್ಬ ರೋಗಿ, ಬ್ರಿಟನ್ನಿನ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಹಾಕಿದ. ನಮ್ಮ ಆರ್‌ಟಿಐ ಅರ್ಜಿಯ ಹಾಗೆಯೇ. 2014ರ ಮಾರ್ಚ್ ಅದು. ಹೆಸರು ಬೇಡ, ಊರು ಬೇಡ, ವಯಸ್ಸು ಬೇಡ. ಪ್ರತಿ ರೋಗಿಯ ಆರಂಭದ ಅಂಕ ಮತ್ತು ವರ್ಷದ ನಂತರದ ಅಂಕಗಳಷ್ಟನ್ನೇ ಕೊಡಿ, ಮೂಲ ಪ್ರೋಟೋಕಾಲ್ ಪ್ರಕಾರ ಲೆಕ್ಕ ಹಾಕಿಕೊಳ್ಳುತ್ತೇವೆ ಎಂಬುದು ಬೇಡಿಕೆ. ಪ್ರಯೋಗದ ಹೊಣೆ ಹೊತ್ತಿದ್ದ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ನಿರಾಕರಿಸಿತು. ಮಾಹಿತಿ ಆಯುಕ್ತರು 2015ರ ಅಕ್ಟೋಬರಿನಲ್ಲಿ ಕೊಡಿ ಎಂದು ಆದೇಶಿಸಿದರು. ವಿಶ್ವವಿದ್ಯಾಲಯ ನ್ಯಾಯಮಂಡಳಿಗೆ ಹೋಯಿತು. ಅದರ ವಕೀಲರ ಖರ್ಚೇ ಸುಮಾರು ಎರಡೂವರೆ ಲಕ್ಷ ಪೌಂಡ್. ಅದೂ ಸಾರ್ವಜನಿಕ ಸಂಸ್ಥೆಯ ಹಣವೇ. ಅಂಕಿಗಳನ್ನು ಕಲೆಹಾಕಲು ಒಮ್ಮೆ ಕೊಟ್ಟು, ಅವನ್ನು ಮುಚ್ಚಿಡಲು ಜನ ಮತ್ತೊಮ್ಮೆ ಕೊಟ್ಟಂತಾಯಿತು.

ವಿಶ್ವವಿದ್ಯಾಲಯದ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಹೆಸರಿಲ್ಲದ ಅಂಕಿಗಳಿಂದಲೂ ವ್ಯಕ್ತಿಯನ್ನು ಪತ್ತೆ ಹಚ್ಚುವ ಜಾಣರಿದ್ದಾರೆ, ರೋಗಿಗಳಿಗೆ ನಾವು ಗೌಪ್ಯತೆಯ ಮಾತು ಕೊಟ್ಟಿದ್ದೇವೆ, ಅರ್ಜಿಗಳ ಹಿಂದೆ ಸಂಶೋಧಕರನ್ನು ಹಣಿಯುವ ಉದ್ದೇಶವಿದೆ ಎಂಬುದು ಅದರ ನಿಲುವು. ಸಂಶೋಧಕರಲ್ಲಿ ಕೆಲವರಿಗೆ ಅಸಹ್ಯವಾದ ಪತ್ರಗಳು ಬಂದದ್ದೂ ಉಂಟು. ಅದನ್ನು ಯಾರೂ ಸಮರ್ಥಿಸಲಾರರು. ಆದರೆ ನಿಜವಾದ ಗೌಪ್ಯತೆಯ ಚಿಂತೆಗೂ, ಟೀಕೆಯಿಂದ ತಪ್ಪಿಸಿಕೊಳ್ಳಲು ಗೌಪ್ಯತೆಯನ್ನು ಅಡ್ಡ ಹಿಡಿಯುವುದಕ್ಕೂ ವ್ಯತ್ಯಾಸವಿದೆ. ನ್ಯಾಯಮಂಡಳಿ ನೋಡಿದ್ದು ಅದನ್ನೇ. ಇದೇ ದತ್ತಾಂಶವನ್ನು ವೈದ್ಯಕೀಯ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೋಕ್ರೇನ್ ಸಂಸ್ಥೆಯ ಸಂಶೋಧಕರೊಂದಿಗೆ ಆಗಲೇ ಹಂಚಿಕೊಳ್ಳಲಾಗಿತ್ತು. ತಮಗೆ ಬೇಕಾದವರಿಗೆ ಕೊಡಬಹುದಾದದ್ದನ್ನು ಟೀಕಾಕಾರರಿಗೆ ಕೊಡಲಾಗದು ಎಂದರೆ ಹೇಗೆ? 2016ರ ಆಗಸ್ಟ್ 12ರಂದು, ಮೂವರಲ್ಲಿ ಇಬ್ಬರ ಬಹುಮತದಿಂದ ಮೇಲ್ಮನವಿ ವಜಾ ಆಯಿತು. ಸೆಪ್ಟೆಂಬರಿನಲ್ಲಿ ಅಂಕಿಗಳು ಹೊರಬಂದವು.

ಮೂಲ ಪ್ರೋಟೋಕಾಲಿನ ಅಳತೆ ಬಳಸಿದಾಗ, ಸುಧಾರಿಸಿದವರ ಪ್ರಮಾಣ ಮನೋಚಿಕಿತ್ಸೆಯಲ್ಲಿ ಶೇ 59ರಿಂದ 20ಕ್ಕೆ, ವ್ಯಾಯಾಮದಲ್ಲಿ ಶೇ 61ರಿಂದ 21ಕ್ಕೆ ಇಳಿಯಿತು. ಸಾಮಾನ್ಯ ಆರೈಕೆಯಲ್ಲಿ ಶೇ 10. ಈ ಲೆಕ್ಕವನ್ನು ಪ್ರಕಟಿಸಿದವರು ಸಂಶೋಧಕರೇ. ಕಡಿಮೆಯಾದರೂ ವ್ಯತ್ಯಾಸ ಉಳಿದಿದೆ ಎಂದು ಅವರು ಹೇಳಿದ್ದು ನಿಜ. ‘ಗುಣಮುಖ’ದ ಲೆಕ್ಕದಲ್ಲಿ ಆ ಸಮಾಧಾನವೂ ಉಳಿಯಲಿಲ್ಲ. ರೋಗಿಗಳೂ ಸೇರಿದ್ದ ಒಂದು ತಂಡ ಮೂಲ ಗಡಿಗಳನ್ನಿಟ್ಟು ಎಣಿಸಿದಾಗ ಮನೋಚಿಕಿತ್ಸೆಯಲ್ಲಿ ಶೇ 7, ವ್ಯಾಯಾಮದಲ್ಲಿ ಶೇ 4, ಪೇಸಿಂಗ್‌ನಲ್ಲಿ ಶೇ 2, ಬರೀ ಆರೈಕೆಯಲ್ಲಿ ಶೇ 3. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಇವುಗಳ ನಡುವೆ ಅರ್ಥಪೂರ್ಣ ಅಂತರವಿಲ್ಲ. ಗುಣವಾಗುವುದು ಎಂದರೇನು ಎಂಬುದಕ್ಕೆ ಒಂದೇ ಒಪ್ಪಿತ ವ್ಯಾಖ್ಯೆ ಇಲ್ಲ ಎಂಬುದು ಸಂಶೋಧಕರ ಪ್ರತಿವಾದ. ಇರಬಹುದು. ಹಾಗೆಂದೇ ಅಲ್ಲವೇ ಮೊದಲೇ ಬರೆದಿಡುವುದು?

ಇಷ್ಟೆಲ್ಲ ನಡೆಯುವಾಗ ಹಣ ಕೊಟ್ಟವರು ಎಲ್ಲಿದ್ದರು? ಸಂಶೋಧಕರ ಮೇಲೆ ಸಿಟ್ಟಾಗುವುದು ಸುಲಭ. ಆದರೆ ತಾನು ವರ್ಷಗಟ್ಟಲೆ ನಂಬಿದ ಚಿಕಿತ್ಸೆಯನ್ನು ತಾನೇ ಪರೀಕ್ಷಿಸುವ ವಿಜ್ಞಾನಿಯ ತಕ್ಕಡಿ ಸ್ವಲ್ಪ ವಾಲುವುದು ಸಹಜ. ಅದನ್ನು ನೆಟ್ಟಗೆ ನಿಲ್ಲಿಸಲೆಂದೇ ಹೊರಗಿನವರು ಬೇಕು. ಚೆಕ್ ಬರೆಯುವವರು ಆ ಹೊರಗಿನವರಾಗಬಹುದಿತ್ತು. ಅಳತೆ ಬದಲಿಸಿದರೆ ಹಳೆಯ ಅಳತೆಯ ಫಲಿತಾಂಶವನ್ನೂ ಕೊಡಲೇಬೇಕು ಎಂದು ಒಪ್ಪಂದದಲ್ಲೇ ಬರೆಯಬಹುದಿತ್ತು. ಪ್ರಯೋಗ ಮುಗಿದ ಇಷ್ಟು ತಿಂಗಳಲ್ಲಿ, ಹೆಸರು ತೆಗೆದ ಅಂಕಿಗಳು ಸ್ವತಂತ್ರ ಸಂಖ್ಯಾಶಾಸ್ತ್ರಜ್ಞರ ಕೈಗೆ ಸಿಗಬೇಕು ಎಂದು ಷರತ್ತು ಹಾಕಿ, ಆ ಕೆಲಸಕ್ಕೂ ಹಣ ಮೀಸಲಿಡಬಹುದಿತ್ತು. ನಿರಾಕರಣೆಯ ಮೊದಲ ಪತ್ರ ಹೊರಟಾಗಲೇ ‘ಅದು ನಿಮ್ಮ ಸ್ವಂತದ್ದಲ್ಲ’ ಎಂದು ಎಂಆರ್‌ಸಿ ಒಂದು ಮಾತು ಹೇಳಿದ್ದರೆ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಮಂಡಳಿ ಪ್ರಯೋಗದ ಬೆನ್ನಿಗೆ ನಿಂತಿತು. ಬದಲಾವಣೆಗಳಿಗೆ ಒಪ್ಪಿಗೆ ಕೊಟ್ಟ ವ್ಯವಸ್ಥೆಯೇ ಆ ಬದಲಾವಣೆಗಳ ತೀರ್ಪುಗಾರನೂ ಆಗಿ ಕುಳಿತರೆ ಇನ್ನೇನಾದೀತು.

2018 ಮತ್ತು 2019ರಲ್ಲಿ ಸಂಸದರು ಈ ಕಾಯಿಲೆಯ ಬಗ್ಗೆ ಬ್ರಿಟಿಷ್ ಸಂಸತ್ತಿನಲ್ಲಿ ಚರ್ಚೆ ನಡೆಸಿದರು. ಸಂಸದೀಯ ಸಮಿತಿಯ ಪ್ರಶ್ನೆಗೆ ಉತ್ತರಿಸಿದ ಅಲ್ಲಿನ ಆರೋಗ್ಯ ಸಂಶೋಧನಾ ಪ್ರಾಧಿಕಾರ, ಪ್ರಯೋಗ ಅಂದಿನ ನಿಯಮಗಳನ್ನು ಪಾಲಿಸಿತ್ತು ಎಂದು 2019ರ ಆರಂಭದಲ್ಲಿ ತಿಳಿಸಿತು. ಪಾಲಿಸಿತ್ತು ಎಂದೇ ನಾನೂ ನಂಬುತ್ತೇನೆ. ಅನುಮತಿ ಪಡೆದಿದ್ದೀರಾ ಎಂದು ನಿಯಮ ಕೇಳುತ್ತದೆ. 65ರ ಮನುಷ್ಯ 60ಕ್ಕೆ ಇಳಿದು ಗುಣವಾಗುವುದು ಹೇಗೆ ಎಂದು ಅದು ಕೇಳುವುದಿಲ್ಲ.

ಕೊನೆಗೆ ಬದಲಾವಣೆ ಬಂದದ್ದು ಬೇರೆ ಬಾಗಿಲಿನಿಂದ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2007ರಲ್ಲಿ ಈ ಎರಡೂ ಚಿಕಿತ್ಸೆಗಳನ್ನು ಶಿಫಾರಸು ಮಾಡಿತ್ತು. ಹೊಸ ಸಮಿತಿ ಸಾಕ್ಷ್ಯಗಳನ್ನೆಲ್ಲ ಮರುಪರಿಶೀಲಿಸಿ ಅವುಗಳ ಗುಣಮಟ್ಟ ಕಡಿಮೆ ಅಥವಾ ತೀರಾ ಕಡಿಮೆ ಎಂದಿತು. 2021ರ ಆಗಸ್ಟಿನಲ್ಲಿ ಬರಬೇಕಿದ್ದ ಮಾರ್ಗಸೂಚಿಯನ್ನು ಕೆಲವು ವೈದ್ಯ ಸಂಘಟನೆಗಳ ಆಕ್ಷೇಪಣೆಯಿಂದ ಕೊನೆಯ ಗಳಿಗೆಯಲ್ಲಿ ತಡೆಹಿಡಿದು, ಅಕ್ಟೋಬರ್ 29ರಂದು ಪ್ರಕಟಿಸಲಾಯಿತು. ಅದರ ಪ್ರಕಾರ, ಹಂತಹಂತವಾಗಿ ನಿಗದಿತ ಪ್ರಮಾಣದಲ್ಲಿ ಹೆಚ್ಚಿಸುವ ವ್ಯಾಯಾಮ ಚಿಕಿತ್ಸೆಯನ್ನು ಕೊಡಬಾರದು. ಮನೋಚಿಕಿತ್ಸೆ ಕಾಯಿಲೆಯೊಂದಿಗೆ ಬದುಕಲು ನೆರವಾಗಬಹುದೇ ಹೊರತು ಗುಣಪಡಿಸುವ ಮದ್ದಲ್ಲ. ಲ್ಯಾನ್ಸೆಟ್ ಲೇಖನ ಬಂದು ಆಗ ಹತ್ತು ವರ್ಷ ದಾಟಿತ್ತು. ಲೇಖನ ಇಂದಿಗೂ ಹಿಂತೆಗೆದುಕೊಳ್ಳದೆ ಹಾಗೇ ಇದೆ.

ಇದೆಲ್ಲ ದೂರದ ಬ್ರಿಟನ್ನಿನ ಕತೆ ಎಂದು ನಾವು ಸುಮ್ಮನಿರುವಂತಿಲ್ಲ. 2007ರ ಜುಲೈಯಲ್ಲಿ ಭಾರತ ತನ್ನ ಕ್ಲಿನಿಕಲ್ ಟ್ರಯಲ್ ನೋಂದಣಿ ವ್ಯವಸ್ಥೆ ಆರಂಭಿಸಿತು. 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ. 2017ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದ ಜಂಟಿ ಹೇಳಿಕೆಗೆ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಐಸಿಎಂಆರ್ ಕೂಡ ಸಹಿ ಹಾಕಿತು. ನಾವು ಹಣ ಕೊಡುವ ಎಲ್ಲ ಪ್ರಯೋಗಗಳ ನೋಂದಣಿಯಾಗಬೇಕು, ಫಲಿತಾಂಶ ಏನೇ ಬರಲಿ ಕಾಲಮಿತಿಯೊಳಗೆ ಹೊರಗೆ ಬರಬೇಕು ಎಂಬುದು ಅದರ ಸಾರ. ಪಕ್ಕದಲ್ಲೇ ಎಂಆರ್‌ಸಿಯ ಸಹಿಯೂ ಇತ್ತು.

ಮೂರೇ ವರ್ಷಕ್ಕೆ ಆ ಮಾತಿಗೆ ಪರೀಕ್ಷೆ ಬಂತು. ಕೋವಿಡ್‌ನಿಂದ ಚೇತರಿಸಿಕೊಂಡವರ ಪ್ಲಾಸ್ಮಾ ಕೊಟ್ಟರೆ ರೋಗಿ ಉಳಿಯುತ್ತಾನೆ ಎಂಬ ನಂಬಿಕೆ ದೇಶವನ್ನೆಲ್ಲ ಹಿಡಿದಿತ್ತು. ದೆಹಲಿಯಲ್ಲಿ ಪ್ಲಾಸ್ಮಾ ಬ್ಯಾಂಕ್ ತೆರೆಯಿತು. ದಾನ ಮಾಡಿದವರಿಗೆ 5,000 ರೂಪಾಯಿ ಪ್ರೋತ್ಸಾಹಧನ ಕೊಡುವುದಾಗಿ ಕರ್ನಾಟಕ ಸರ್ಕಾರ ಘೋಷಿಸಿತು. ಇದೇ ಹೊತ್ತಿನಲ್ಲಿ ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ‘ಪ್ಲಾಸಿಡ್’ ಎಂಬ ಪ್ರಯೋಗ ನಡೆಸುತ್ತಿತ್ತು. ಏಪ್ರಿಲಿನಲ್ಲಿ ಶುರು, ಜುಲೈ ಹೊತ್ತಿಗೆ ಸೇರ್ಪಡೆ ಪೂರ್ಣ, ಸೆಪ್ಟೆಂಬರಿನಲ್ಲಿ ಫಲಿತಾಂಶ ಬಹಿರಂಗ. ಕಾಯಿಲೆ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದ ಗುಂಪಿನಲ್ಲಿ ಶೇ 19, ಪಡೆಯದ ಗುಂಪಿನಲ್ಲಿ ಶೇ 18. ಪ್ರಯೋಜನವಿಲ್ಲ. ಮುಚ್ಚುಮರೆಯಿಲ್ಲದೆ, ಜನಪ್ರಿಯ ನಂಬಿಕೆಗೆ ಎದುರಾಗಿ, ತುರ್ತಿನ ನಡುವೆ ಇಷ್ಟು ಬೇಗ ಹೇಳಿದ್ದು ಹೆಮ್ಮೆಪಡುವ ಕೆಲಸ. ಪೇಸ್‌ನವರಿಂದ ಹೊರಬರಬೇಕಿದ್ದ ನೇರ ಲೆಕ್ಕ ಇಲ್ಲಿ ತಾನಾಗಿ ಬಂದಿತ್ತು.

ಆದರೆ ಪ್ರಯೋಗಕ್ಕೆ ಹಣ ಕೊಟ್ಟದ್ದೂ ಐಸಿಎಂಆರ್, ನಡೆಸಿದ್ದೂ ಐಸಿಎಂಆರ್, ರಾಷ್ಟ್ರೀಯ ಚಿಕಿತ್ಸಾ ಕ್ರಮ ರೂಪಿಸುವ ಮೇಜಿನಲ್ಲಿದ್ದದ್ದೂ ಅದೇ. ಫಲಿತಾಂಶ ಬಂದ ಮೇಲೂ ಪ್ಲಾಸ್ಮಾ ಆ ಚಿಕಿತ್ಸಾ ಕ್ರಮದ ಪಟ್ಟಿಯಲ್ಲಿ ಉಳಿಯಿತು. 2021ರ ಏಪ್ರಿಲಿನಲ್ಲಿ ಎರಡನೆಯ ಅಲೆ ಅಪ್ಪಳಿಸಿದಾಗ ವೈದ್ಯರು ಚೀಟಿ ಬರೆದರು, ಮನೆಯವರು ವಾಟ್ಸ್‌ಆ್ಯಪ್, ಟ್ವಿಟರ್‌ಗಳಲ್ಲಿ ರಕ್ತದ ಗುಂಪು ಬರೆದು ದಾನಿಗಾಗಿ ಅಂಗಲಾಚಿದರು, ಆಮ್ಲಜನಕ ಹುಡುಕುವ ಹೊತ್ತಿನಲ್ಲಿ ಪ್ಲಾಸ್ಮಾ ಹುಡುಕುತ್ತ ಓಡಾಡಿದರು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ವೈದ್ಯರ, ವಿಜ್ಞಾನಿಗಳ ಗುಂಪೊಂದು ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಿಗೆ ಪತ್ರ ಬರೆಯಿತು. ಪಟ್ಟಿಯಿಂದ ಪ್ಲಾಸ್ಮಾ ಹೊರಬಿದ್ದದ್ದು ಮೇ 17ರಂದು, ಉತ್ತರ ಸಿಕ್ಕು ಎಂಟು ತಿಂಗಳಾದ ಮೇಲೆ.